ಚಡಪಡಿಕೆ ಕಾಲು ಬೇನೆ: ಔಷಧೋಪಚಾರದ ಇತಿಹಾಸ

ಚಡಪಡಿಕೆ ಕಾಲು ಬೇನೆಯೆಂದರೆ ವಿಶ್ರಾಂತಿಯ ಹೊತ್ತಿನಲ್ಲಿ, ಅದರಲ್ಲೂ ಸಂಜೆ ಮತ್ತು ರಾತ್ರಿ, ಮೀನಖಂಡದೊಳಗೆ ಏನೋ ಹರಿದಾಡಿದಂತೆ, ಸೆಳೆದಂತೆ ಆಗಿ ಕಾಲಾಡಿಸದೆ ಇರಲಾಗದಂತೆ ಮಾಡುವ ನರಸಂಬಂಧಿ ತೊಂದರೆ. ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಶಮನ, ಮಲಗಿದರೆ ಮತ್ತೆ ಶುರು. ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇಂಥ ತೊಂದರೆಯನ್ನು ಜೋಮು, ಸೆಳೆತ, ವಾಯು ಎಂದು ಹೇಳಿಕೊಂಡು ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು ಸುಧಾರಿಸಿಕೊಳ್ಳುವುದೇ ಹೆಚ್ಚು. ಬೆಂಗಳೂರು, ಮುಂಬಯಿಗೆ ಹೋಗುವ ರಾತ್ರಿ ಬಸ್ಸು, ಮಂದಾರ್ತಿ ಮೇಳದ ಬೆಳತನಕದ ಯಕ್ಷಗಾನ, ಡಯಾಲಿಸಿಸ್‌ನ ನಾಲ್ಕು ತಾಸು, ಹೀಗೆ ಕೂತಲ್ಲೇ ಕೂರಬೇಕಾದ ಕಡೆಯೆಲ್ಲ ಇದು ಎದ್ದು ಕಾಡುತ್ತದೆ.

ಇದಕ್ಕೆ ಲಿಖಿತ ದಾಖಲೆಯಿರುವ ಮೊದಲ ಮದ್ದು ಅಫೀಮು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರ ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ಲಕ್ಷಣಗಳನ್ನು ಬಣ್ಣಿಸಿದ. ಅಫೀಮಿನ ದ್ರಾವಣವನ್ನು ಕೊಟ್ಟು ನೋಡಿದ. ಅದು ಕೆಲಸ ಮಾಡಿದ್ದು ಆಕಸ್ಮಿಕವಲ್ಲ. ಬೇರೆ ಯಾವುದಕ್ಕೂ ಬಗ್ಗದ ತೀವ್ರ ಬೇನೆಗೆ ಇಂದಿಗೂ ಕಡಿಮೆ ಪ್ರಮಾಣದ ಅಫೀಮು ವರ್ಗದ ಔಷಧಿಯನ್ನು ಬಿಗಿ ನಿಗಾದಲ್ಲಿ ಕೊಡುವುದುಂಟು. 1861ರಲ್ಲಿ ಜರ್ಮನಿಯ ಥಿಯೋಡೋರ್ ವಿಟ್‌ಮಾಕ್ ಇದನ್ನು ಮನೋವ್ಯಾಕುಲತೆಯ ಸಾಲಿಗೆ ಸೇರಿಸಿದ. 'ನಿಮ್ಮದು ಬರೀ ಮನಸ್ಸಿನ ಕಾಯಿಲೆ' ಎಂಬ ಮಾತನ್ನು ರೋಗಿಗಳು ಆಮೇಲೂ ಬಹುಕಾಲ ಕೇಳಬೇಕಾಯಿತು.

ಸ್ವೀಡನ್ನಿನ ನರವೈದ್ಯ ಕಾರ್ಲ್-ಆಕ್ಸೆಲ್ ಎಕ್ಬೋಮ್ 1945ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೇನೆಗೆ ಈಗಿನ ಹೆಸರು ನಿಂತಿತು. ಗರ್ಭಿಣಿಯರಲ್ಲಿ ಮತ್ತು ಕಬ್ಬಿಣಾಂಶ ಕಡಿಮೆಯಿದ್ದವರಲ್ಲಿ ಇದು ಹೆಚ್ಚೆಂದು ಗುರುತಿಸಿದವನೂ ಅವನೇ. ಅವನ ನಾಡಿನವನೇ ಆದ ನಾರ್ಡ್‌ಲಾಂಡರ್ 1953ರಲ್ಲಿ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟು ರೋಗಿಗಳಿಗೆ ಗುಣ ಕಂಡುದನ್ನು ವರದಿ ಮಾಡಿದ. ರಕ್ತದಲ್ಲಿ ಕಬ್ಬಿಣ ಸರಿಯಿದ್ದೂ ಅಂಗಾಂಶದಲ್ಲಿ ಕೊರತೆಯಿರಬಹುದು ಎಂಬ ಅವನ ಊಹೆಯಲ್ಲೇ ಇಡೀ ರೋಗದ ಕೀಲಿಯಿತ್ತು. ಆದರೆ ಆ ಕಾಲದ ಕಬ್ಬಿಣದ ಚುಚ್ಚುಮದ್ದುಗಳು ಕೆಲವರಲ್ಲಿ ಮಾರಕ ಅಲರ್ಜಿ ಎಬ್ಬಿಸುತ್ತಿದ್ದವು. ಊಹೆ ಸುಮಾರು ಅರ್ಧ ಶತಮಾನ ಮೂಲೆ ಸೇರಿತು.

ನಡುವೆ ಬಂದದ್ದು ಮಿದುಳಿನ ರಾಸಾಯನಿಕವಾದ ಡೋಪಮಿನ್‌ನ ಯುಗ. ಅದರ ಮೂಲವಸ್ತುವಿಗೆ ನಮ್ಮ ಬೇಲಿಸಾಲಿನ ನಂಟಿದೆ: ತಾಗಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಲೆವೊಡೋಪ ಇದೆಯೆಂದು ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ತೋರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಗೆ ಬಳಕೆಗೆ ಬಂದ ಈ ರಾಸಾಯನಿಕವನ್ನು ಟರ್ಕಿಯ ಅಕ್ಪಿನಾರ್ 1982ರಲ್ಲಿ ಕಾಲುಬೇನೆಗೆ ಕೊಟ್ಟು ಯಶಸ್ಸು ಕಂಡ. ಮೊದಲ ರಾತ್ರಿಯೇ ನಿದ್ದೆ ತರುವ ಮಾತ್ರೆ! ಸಂಭ್ರಮ ಸಹಜವಾಗಿತ್ತು. 1996ರಲ್ಲಿ ಅಮೆರಿಕದ ಅಲೆನ್ ಮತ್ತು ಅರ್ಲಿ ಅದಕ್ಕೆ ತಣ್ಣೀರು ಎರಚಿದರು. ಲೆವೊಡೋಪ ತೆಗೆದುಕೊಳ್ಳುತ್ತಿದ್ದ ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಬೇನೆ ಉಲ್ಬಣಿಸಿತ್ತು: ರಾತ್ರಿ ಹತ್ತಕ್ಕೆ ಬರುತ್ತಿದ್ದುದು ಮಧ್ಯಾಹ್ನವೇ ಬರತೊಡಗಿತ್ತು, ಕಾಲಿನಿಂದ ಕೈಗೂ ಹಬ್ಬಿತ್ತು. ಡೋಸ್ ಏರಿಸಿದಷ್ಟೂ ಕಾಟ ಹೆಚ್ಚು. ನಸುಗುನ್ನಿ ಚೂರ್ಣವನ್ನು ತಾವೇ ನುಂಗಿ ನೋಡುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಒಳಗಿರುವುದು ಅದೇ ಲೆವೊಡೋಪ, ಅಳತೆ ಮಾತ್ರ ಗೊತ್ತಿರುವುದಿಲ್ಲ.

ಬಳಿಕ ಡೋಪಮಿನ್‌ನಂತೆ ವರ್ತಿಸುವ ಮಾತ್ರೆಗಳು ಬಂದವು. ಅಮೆರಿಕದ ಔಷಧ ಆಡಳಿತ 2005ರಲ್ಲಿ ರೋಪಿನಿರೋಲ್‌ಗೆ, 2006ರಲ್ಲಿ ಪ್ರಮಿಪೆಕ್ಸೋಲ್‌ಗೆ ಒಪ್ಪಿಗೆ ಕೊಟ್ಟಿತು. ಉಲ್ಬಣ ಇಲ್ಲೂ ತಪ್ಪಲಿಲ್ಲ, ಲೆವೊಡೋಪಕ್ಕಿಂತ ನಿಧಾನ ಅಷ್ಟೆ. ಕೆಲವರಲ್ಲಿ ಜೂಜು, ಅತಿಖರೀದಿಯಂಥ ತಡೆಯಲಾಗದ ಚಟಗಳೂ ಹುಟ್ಟಿದವು. 2014ರಲ್ಲಿ ಪ್ರಕಟವಾದ, ವರ್ಷಪೂರ್ತಿ ನಡೆದ ಹೋಲಿಕೆಯಲ್ಲಿ ಉಲ್ಬಣದ ಪ್ರಮಾಣ ಪ್ರಮಿಪೆಕ್ಸೋಲ್ ಅರ್ಧ ಮಿಲಿಗ್ರಾಂನಲ್ಲಿ ಶೇ. 7.7, ಡೋಪಮಿನ್ ಗುಂಪಿಗೆ ಸೇರದ ಪ್ರಿಗಾಬಲಿನ್‌ನಲ್ಲಿ ಶೇ. 2.1. ಗಾಳಿಯ ದಿಕ್ಕು ಬದಲಾಯಿತು.

ಅಷ್ಟರಲ್ಲಿ ಕಬ್ಬಿಣವೂ ಮರಳಿ ಬಂದಿತ್ತು. ಡೋಪಮಿನ್ ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. 2000ದಲ್ಲಿ ರೋಗಿಗಳ ಮಿದುಳುಬಳ್ಳಿಯ ದ್ರವದಲ್ಲಿ, ಕಬ್ಬಿಣವನ್ನು ಕೂಡಿಡುವ ಪ್ರೋಟೀನಾದ ಫೆರಿಟಿನ್ ಕಡಿಮೆಯಿರುವುದು ಸಿದ್ಧವಾಯಿತು; ನಾರ್ಡ್‌ಲಾಂಡರ್ ಊಹಿಸಿದ್ದು ಸರಿಯಿತ್ತು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಂಥ ಸುರಕ್ಷಿತ ಚುಚ್ಚುಮದ್ದು ಬಂದ ಮೇಲೆ ಚಿಕಿತ್ಸೆಯೂ ಸಾಧ್ಯವಾಯಿತು. ಅಮೆರಿಕದ ನಿದ್ರಾವೈದ್ಯ ಸಂಘ 2025ರಲ್ಲಿ ಹೊರತಂದ ಮಾರ್ಗಸೂಚಿ ತಕ್ಕ ರೋಗಿಗಳಿಗೆ ಈ ಕಬ್ಬಿಣವನ್ನೂ, ಗ್ಯಾಬಪೆಂಟಿನ್ ಮತ್ತು ಪ್ರಿಗಾಬಲಿನ್‌ಗಳನ್ನೂ ಮುಂದಿಟ್ಟು, ಡೋಪಮಿನ್ ಮಾತ್ರೆಗಳ ವಾಡಿಕೆಯ ಬಳಕೆ ಬೇಡ ಎಂದಿತು.

ಕರ್ನಾಟಕದ ಮಟ್ಟಿಗೆ ಹೆಚ್ಚಾಗಿ ಉಲ್ಲೇಖಗೊಳ್ಳುವುದು 2007ರಲ್ಲಿ ಪ್ರಕಟವಾದ ಬೆಂಗಳೂರು ನಗರದ ಸಮೀಕ್ಷೆ. ಅದರಲ್ಲಿ ಶೇ. 2.1 ಜನರಿಗೆ ಈ ಬೇನೆ ಕಂಡಿತು. ಯುರೋಪಿನಲ್ಲಿ ಸಾಮಾನ್ಯವಾಗಿ ಹೇಳುವ ಶೇ. 5ರಿಂದ 10ಕ್ಕಿಂತ ಇದು ಕಡಿಮೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹಾಗಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಸರಿಯಾದ ಮದ್ದಿನ ಹುಡುಕಾಟ ಮೆಡಿಕಲ್ ಶಾಪಿನಿಂದಲ್ಲ, ರಕ್ತಪರೀಕ್ಷೆಯಿಂದ ಶುರುವಾಗಬೇಕು. ಬೈಂದೂರಿನವರು ಮಣಿಪಾಲದ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್ ಹೋಗಬೇಕು. ಫೆರಿಟಿನ್ ಪರೀಕ್ಷೆಯ ವರದಿಯನ್ನು ಮೊದಲೇ ಮಾಡಿಸಿ ಒಯ್ದರೆ ಒಂದು ಓಡಾಟವಾದರೂ ಉಳಿದೀತು.

ಇಲ್ಲಿ ಎಡವುವುದು ಸುಲಭ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ಕಡಿಮೆಯಿರಬಹುದು. ಮಹಿಳೆಯರ ಫೆರಿಟಿನ್ 20 ಇದ್ದರೂ ಲ್ಯಾಬಿನ ವರದಿ 'ನಾರ್ಮಲ್' ಎನ್ನುತ್ತದೆ. ಈ ಬೇನೆಯ ಲೆಕ್ಕದಲ್ಲಿ ಮಿಲಿಲೀಟರ್‌ಗೆ 75 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ದೊಡ್ಡವರಿಗೆ ಕಬ್ಬಿಣ ಕೊಡುವುದನ್ನು ಯೋಚಿಸಬೇಕು. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ. ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯನ್ನು ಚಾ, ಕಾಫಿಯೊಂದಿಗೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ನಿಂಬೆಹಣ್ಣಿನ ಶರಬತ್ತಿನ ಜೊತೆ ಆದೀತು. ಬಸುರಿನ ಕೊನೆಯ ತಿಂಗಳುಗಳಲ್ಲಿ ಬಿಗಡಾಯಿಸುವ ಬೇನೆ ಹೆರಿಗೆಯ ಬಳಿಕ ಸಾಮಾನ್ಯವಾಗಿ ಇಳಿಯುತ್ತದೆ.

ಸರಿಯಾದ ಮದ್ದೆಂದರೆ ಕೆಲವೊಮ್ಮೆ ಇರುವ ಮದ್ದನ್ನು ಬಿಡುವುದು. ತುರಿಕೆಗೆ, ಶೀತಕ್ಕೆ ಕೊಡುವ ಏವಿಲ್‌ನಂಥ ಮಂಪರು ತರಿಸುವ ಅಲರ್ಜಿ ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ನಿದ್ದೆಗೂ ಕಾಲುನೋವಿಗೂ ಬರೆಯುವ ಅಮಿಟ್ರಿಪ್ಟಿಲಿನ್ ಇವೆಲ್ಲ ಕಾಲಿನ ಚಡಪಡಿಕೆಯನ್ನು ಕೆರಳಿಸಬಲ್ಲವು. ಮೂತ್ರಪಿಂಡ ಸೋತವರಿಗೆ ಗ್ಯಾಬಪೆಂಟಿನ್, ಪ್ರಿಗಾಬಲಿನ್‌ಗಳ ಪ್ರಮಾಣವನ್ನು ಬಹಳ ಇಳಿಸಬೇಕು. ವಯಸ್ಸಾದವರಿಗೆ ತಲೆಸುತ್ತು ಬಂದು ರಾತ್ರಿ ಬೀಳುವ ಅಪಾಯವಿದೆ.

ಈಗಾಗಲೇ ಪ್ರಮಿಪೆಕ್ಸೋಲ್ ಅಥವಾ ರೋಪಿನಿರೋಲ್ ನುಂಗುತ್ತಿರುವವರು ಇದನ್ನು ಓದಿ ಮಾತ್ರೆ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಬೇನೆ ಹಿಂದೆಂದಿಗಿಂತ ಜೋರಾಗಿ ಮರಳುತ್ತದೆ. ವೈದ್ಯರ ನಿಗಾದಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿ ಬಿಡಬೇಕು.