ಕಾರ್ಡಿನಲ್ ಟಾಲೆರಾಂಡನ ಸಂಧಿಪ್ರಯತ್ನ

ಫ್ರಾನ್ಸಿಗೂ ಇಂಗ್ಲೆಂಡಿಗೂ ೧೩೩೭ರಲ್ಲಿ ಮೊದಲಾಗಿ, ನಡುನಡುವೆ ನಿಂತು, ೧೪೫೩ರವರೆಗೂ ನಡೆದ ಕದನಕ್ಕೆ ಶತವರ್ಷಗಳ ಯುದ್ಧವೆಂದು ಹೆಸರು. ಅದರ ಮೊದಲ ದಶಕಗಳಲ್ಲಿ ಕ್ರೈಸ್ತರ ಪರಮಗುರುವಾದ ಪೋಪನು ರೋಮಾಪುರಿಯಲ್ಲಿರದೆ, ರೋನ್ ನದೀತೀರದ ಅವಿನ್ಯೋನ್ ಪಟ್ಟಣದಲ್ಲಿ ವಾಸವಾಗಿದ್ದನು. ಇಬ್ಬರು ಅರಸರನ್ನೂ ಒಂದುಗೂಡಿಸುವುದು ಗುರುಪೀಠದ ಕರ್ತವ್ಯವೆಂದು ಬಗೆದು ಪೋಪರು ಪುನಃಪುನಃ ದೂತರನ್ನು ಕಳುಹಿಸುತ್ತಿದ್ದರು. ಆದರೆ ಆ ಪೋಪರೂ ಫ್ರೆಂಚರು, ಅವರ ಮಂತ್ರಿಮಂಡಲದಂತಿದ್ದ ಕಾರ್ಡಿನಲರಲ್ಲಿ ಬಹುಮಂದಿಯೂ ಫ್ರೆಂಚರು. ಆದಕಾರಣ ಅವರ ಮಾಧ್ಯಸ್ಥ್ಯವನ್ನು ಇಂಗ್ಲಿಷರು ಶಂಕೆಯಿಂದಲೇ ನೋಡುತ್ತಿದ್ದರು.

ಈ ಶಂಕೆಯ ಭಾರವನ್ನು ಹೊತ್ತವರಲ್ಲಿ ಏಲಿ ಟಾಲೆರಾಂಡನು ಪ್ರಮುಖನು. ೧೩೦೧ರಲ್ಲಿ ಪೆರಿಗೋರ್ ಸೀಮೆಯ ಪ್ರಭುವಂಶದಲ್ಲಿ ಜನಿಸಿ, ೧೩೨೪ರಲ್ಲಿ ಲಿಮೋಜ್ ಪಟ್ಟಣದ ಬಿಷಪನಾಗಿ, ೧೩೩೧ರಲ್ಲಿ ಕಾರ್ಡಿನಲ್ ಪದವಿಗೇರಿದನು.

೧೩೫೬ರಲ್ಲಿ ಪೋಪ್ ಆರನೆಯ ಇನ್ನೊಸೆಂಟನು ಅವನನ್ನು ಸಂಧಿಕಾರ್ಯಕ್ಕೆ ನಿಯಮಿಸಿದನು. ಸೆಪ್ಟೆಂಬರ್ ೧೮ರ ಭಾನುವಾರ ಪ್ವಾಟಿಯೇ ನಗರದ ಬಳಿ ಎರಡು ಸೈನ್ಯಗಳೂ ಎದುರುಬದುರಾಗಿದ್ದವು. ಇಂಗ್ಲೆಂಡಿನ ಯುವರಾಜ ಎಡ್ವರ್ಡನ ಸೈನಿಕರು ಸಂಖ್ಯೆಯಲ್ಲಿ ಅಲ್ಪರು, ದಾರಿನಡೆದು ಬಳಲಿದವರು. ಕಾರ್ಡಿನಲನು ಕುದುರೆಯೇರಿ ಎರಡು ಪಾಳೆಯಗಳ ನಡುವೆ ದಿನವೆಲ್ಲ ಸಂಚರಿಸಿದನು. ಗೆದ್ದ ಕೋಟೆಗಳನ್ನೂ ಸೆರೆಯಾಳುಗಳನ್ನೂ ಬಿಟ್ಟುಕೊಟ್ಟು, ಏಳು ವರ್ಷ ಶಸ್ತ್ರವೆತ್ತೆನೆಂದು ಪ್ರಮಾಣಮಾಡಲು ಯುವರಾಜನು ಒಪ್ಪಿದನೆಂದು ಚರಿತ್ರಕಾರ ಫ್ರುವಾಸಾರನು ಬರೆದಿದ್ದಾನೆ. ಆದರೆ ಯುವರಾಜನೇ ನೂರು ಮಂದಿ ವೀರರೊಡನೆ ಶರಣಾಗಬೇಕೆಂದು ಫ್ರೆಂಚ್ ದೊರೆ ಎರಡನೆಯ ಜಾನನು ಹಟಹಿಡಿದನು. ಸಂಧಾನ ಮುರಿಯಿತು. ಆ ಒಂದು ದಿನದ ವಿರಾಮದಲ್ಲಿ ಇಂಗ್ಲಿಷರು ಹಳ್ಳಗಳನ್ನು ತೋಡಿ, ಬೇಲಿಗಳನ್ನು ಬಲಪಡಿಸಿಕೊಂಡರು.

ಮರುದಿನ ಫ್ರೆಂಚ್ ಸೈನ್ಯವು ಸೋತು, ದೊರೆಯೇ ಸೆರೆಸಿಕ್ಕನು. ಕಾರ್ಡಿನಲನಿಗಾದರೋ ಇನ್ನೂ ದಾರುಣವಾದ ವಾರ್ತೆ ಕಾದಿದ್ದಿತು. ಅವನ ಪರಿವಾರದವರಲ್ಲಿ ಕೆಲವರು ಫ್ರೆಂಚರ ಪಕ್ಷದಲ್ಲಿ ನಿಂತು ಕಾದಿದ್ದರು. ಅವನ ಸೋದರಳಿಯನಾದ ದುರಾಜ್ಜೋ ವಂಶದ ರಾಬರ್ಟನು ರಣದಲ್ಲಿ ಮಡಿದಿದ್ದನು. ಶಾಂತಿದೂತನ ಜನರು ಶಸ್ತ್ರವೆತ್ತಿದರೆಂದು ಕುಪಿತನಾದ ಯುವರಾಜನು ಆ ಶವವನ್ನು ಗುರಾಣಿಯ ಮೇಲೆ ಇರಿಸಿ ಕಾರ್ಡಿನಲನಿಗೇ ಕಳುಹಿಸಿಕೊಟ್ಟನೆಂದು ಅದೇ ಚರಿತ್ರಕಾರನು ಹೇಳುತ್ತಾನೆ.

ಟಾಲೆರಾಂಡನು ಅಳಿಯನಿಗಾಗಿ ಶೋಕಿಸುವುದರ ಜೊತೆಗೆ ತನ್ನ ನಿರ್ದೋಷತ್ವವನ್ನೂ ಸ್ಥಾಪಿಸಬೇಕಾಯಿತು. ಅವನು ಯುವರಾಜನ ಬಳಿಗೆ ಹೋಗಿ ಸಮಾಧಾನ ಹೇಳಿದನು. ೧೩೫೭ರ ಮಾರ್ಚಿಯಲ್ಲಿ ಬೋರ್ದೋ ನಗರದಲ್ಲಿ ಎರಡು ವರ್ಷಗಳ ಯುದ್ಧವಿರಾಮವು ಏರ್ಪಟ್ಟಿತು. ಅದೇ ವರ್ಷ ಅವನು ಲಂಡನ್ನಿಗೂ ಹೋಗಿ, ಸೆರೆಯಲ್ಲಿದ್ದ ದೊರೆಯ ಬಿಡುಗಡೆಗಾಗಿ ಮಾತುಕತೆಗಳಲ್ಲಿ ತೊಡಗಿದನು. ೧೩೬೦ರ ಬ್ರೆತಿಞೀ ಒಪ್ಪಂದದಲ್ಲಿ ದೊರೆಯ ಬಿಡುಗಡೆಗೆ ಗೊತ್ತಾದ ಹಣ ೩೦ ಲಕ್ಷ ಚಿನ್ನದ ನಾಣ್ಯಗಳು. ಅದನ್ನು ಪೂರ್ತಿಯಾಗಿ ತೆರಲಾರದೆ ಜಾನನು ತಾನಾಗಿಯೇ ಸೆರೆಗೆ ಮರಳಿ, ೧೩೬೪ರ ಏಪ್ರಿಲಿನಲ್ಲಿ ಲಂಡನ್ನಿನಲ್ಲೇ ತೀರಿಕೊಂಡನು. ಕಾರ್ಡಿನಲನು ಅದೇ ವರ್ಷದ ಜನವರಿಯಲ್ಲಿಯೇ ಕಾಲವಶನಾಗಿದ್ದನು.

ಭಾನುವಾರ ಅವನು ಹೊತ್ತು ತಂದ ಮಾತನ್ನು ದೊರೆಯು ಸ್ವೀಕರಿಸಿದ್ದರೆ ಫ್ರಾನ್ಸಿಗೆ ಈ ದುರ್ಗತಿ ಬರುತ್ತಿರಲಿಲ್ಲ. ಆದರೆ ಮಧ್ಯಸ್ಥನಾದವನು ತಾನೊಬ್ಬನೇ ಶುದ್ಧನಾಗಿದ್ದರೆ ಸಾಲದು. ಅವನ ಬೆನ್ನ ಹಿಂದೆ ನಿಂತವರ ಕೈಯೂ ಬರಿದಾಗಿರಬೇಕು. ಪ್ವಾಟಿಯೇ ಬಯಲಿನಲ್ಲಿ ಟಾಲೆರಾಂಡನಿಗೆ ಒದಗದೆಹೋದುದು ಇದೊಂದೇ ಬಲ.