ಮಿನಿ ಪಿಸಿ ಮತ್ತು ಟವರ್: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸ್ಟುಡಿಯೊ ಗಣಕಗಳು

ಮದುವೆಯ ಆಲ್ಬಂ, ವಿಡಿಯೊ, ಲಗ್ನಪತ್ರಿಕೆ, ಫ್ಲೆಕ್ಸ್, ಪುಸ್ತಕದ ಪುಟವಿನ್ಯಾಸ ಮೊದಲಾದ ಕೆಲಸಗಳಿಗೆ ಬಳಸುವ ಡೆಸ್ಕ್‌ಟಾಪ್ ಗಣಕಗಳಲ್ಲಿ ಈಗ ಎರಡು ಜಾತಿ ಕಾಣುತ್ತವೆ. ಊಟದ ಡಬ್ಬಿಯಷ್ಟೇ ಗಾತ್ರದ, ಬಹುಪಾಲು ಭಾಗಗಳು ಒಂದೇ ಬೋರ್ಡಿನ ಮೇಲೆ ಕೂತಿರುವ ಮಿನಿ ಪಿಸಿ ಒಂದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು, ದೊಡ್ಡ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ), ನಾಲ್ಕಾರು ಫ್ಯಾನುಗಳನ್ನು ಹೊತ್ತ ಟವರ್ ಇನ್ನೊಂದು. ಅಂಗಡಿಗಳಲ್ಲಿ ಈ ಟವರನ್ನೇ ‘ಸಿಪಿಯು’ ಎಂದು ಕರೆಯುವ ರೂಢಿಯಿದೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಂಥ ಸೀಮೆಯಲ್ಲಿ ಈ ಕೆಲಸ ನಡೆಯುವುದು ಹೆಚ್ಚಾಗಿ ಒಂದೇ ಮಳಿಗೆಯ ಸ್ಟುಡಿಯೊ ಅಥವಾ ಡಿಟಿಪಿ ಕೇಂದ್ರದಲ್ಲಿ. ಒಂದೇ ಗಣಕದ ಮೇಲೆ ಬೆಳಿಗ್ಗೆ ಲಗ್ನಪತ್ರಿಕೆ, ಮಧ್ಯಾಹ್ನ ಆಲ್ಬಂ, ರಾತ್ರಿ ವಿಡಿಯೊ ಏರುತ್ತದೆ. ಇಂಥ ಕಡೆ ಯಾವ ಗಣಕ ಹೆಚ್ಚು ವೇಗದ್ದು ಎಂಬ ಪ್ರಶ್ನೆಯಿಂದ ಹೊರಟರೆ ಉತ್ತರ ತಪ್ಪುತ್ತದೆ. ಕೆಲಸ ಎಲ್ಲಿ ನಿಂತುಹೋಗುತ್ತದೆ ಎಂಬುದರಿಂದ ಹೊರಡಬೇಕು. ಹಾಗೆ ಲೆಕ್ಕ ಹಾಕಿದರೆ ಬಹುಪಾಲು ಮೇಜುಗಳಿಗೆ ಮಿನಿ ಪಿಸಿಯೇ ಸಾಕು. ಟವರಿಗೆ ಹಾಕುವ ಹೆಚ್ಚಿನ ಹಣ ಸಾರ್ಥಕವಾಗುವುದು ಕೆಲವೇ ಬಗೆಯ ಕೆಲಸಗಳಲ್ಲಿ.

ಮಿನಿ ಪಿಸಿ ಎಂದರೆ ಬಡ ಯಂತ್ರ ಎಂಬ ಅಭಿಪ್ರಾಯಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಮಾದರಿಯ ಮದರ್‌ಬೋರ್ಡ್ 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲದ್ದು, ದೊಡ್ಡ ಕ್ಯಾಬಿನೆಟ್ಟಿನ ಅಳತೆ ಬಹುಮಟ್ಟಿಗೆ ಅದರಿಂದ ಬಂದದ್ದು. 2001ರಲ್ಲಿ ವಿಯಾ ಕಂಪನಿ ಬೋರ್ಡನ್ನು 17 ಸೆಂ.ಮೀ. ಚೌಕಕ್ಕೆ ಇಳಿಸಿತು. 2005ರಲ್ಲಿ ಆ್ಯಪಲ್‌ನ ಮ್ಯಾಕ್ ಮಿನಿ ಬಂತು, ಮುಂದಿನ ದಶಕದಲ್ಲಿ ಇಂಟೆಲ್‌ನ ನಕ್ ಎಂಬ ಪುಟ್ಟ ಗಣಕ ಬಂತು. ಇವುಗಳೊಳಗೆ ಇರುತ್ತಿದ್ದುದು ಲ್ಯಾಪ್‌ಟಾಪಿಗೆಂದು ಮಾಡಿದ ಚಿಪ್ಪುಗಳು. ಸಣ್ಣ ಪೆಟ್ಟಿಗೆಯಿಂದ ಶಾಖ ಸುಲಭವಾಗಿ ಹೊರಹೋಗದು. ಶಾಖ ಏರಿದರೆ ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆ್ಯಪಲ್ 2013ರಲ್ಲಿ ತನ್ನ ಅತಿ ಶಕ್ತಿಯ ಮ್ಯಾಕ್ ಪ್ರೋವನ್ನೇ ಪುಟ್ಟ ಉರುಳೆಯೊಳಗೆ ಅಡಕಿದಾಗ ಹೊಸ, ಹೆಚ್ಚು ಬಿಸಿಯಾಗುವ ಗ್ರಾಫಿಕ್ಸ್ ಚಿಪ್ಪುಗಳಿಗೆ ಅದರಲ್ಲಿ ಅವಕಾಶವೇ ಉಳಿಯಲಿಲ್ಲ, ಆ ವಿನ್ಯಾಸ ತಪ್ಪಾಯಿತೆಂದು ಕಂಪನಿ 2017ರಲ್ಲಿ ಒಪ್ಪಿಕೊಂಡಿತು. ಚಿತ್ರ ಬದಲಾದದ್ದು ಅದೇ ಶಾಖದ ಲೆಕ್ಕ ಬದಲಾದಾಗ. 2020ರ ಆ್ಯಪಲ್‌ನ ಎಂ1 ಚಿಪ್ಪು ಮತ್ತು ಆ ಹೊತ್ತಿನಿಂದ ಇಂಟೆಲ್, ಎಎಂಡಿ ತಂದ ಚಿಪ್ಪುಗಳು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ದುಡಿಯುತ್ತವೆ; ಕುಗ್ಗಿಸಿಟ್ಟ ವಿಡಿಯೊ ಬಿಚ್ಚುವ ಕೆಲಸಕ್ಕೆಂದೇ ಅವುಗಳಲ್ಲಿ ಪ್ರತ್ಯೇಕ ಭಾಗವಿದೆ. 2024ರ ಎಂ4 ಮ್ಯಾಕ್ ಮಿನಿ 12.7 ಸೆಂ.ಮೀ. ಚೌಕದ್ದು, ಪೂರ್ಣ ಭಾರದಲ್ಲಿ ಎಳೆಯುವುದು 65 ವ್ಯಾಟ್. 2022ರ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ 450 ವ್ಯಾಟ್ ಬೇಕು.

ಈಗ ಮೇಜಿನ ಮೇಲಿನ ಕೆಲಸವನ್ನು ಒಂದೊಂದಾಗಿ ನೋಡಬಹುದು. ಕನ್ನಡದ ಡಿಟಿಪಿ ಇಂದಿಗೂ ಬಹಳ ಕಡೆ ಪೇಜ್‌ಮೇಕರ್ ಮೇಲೆ, ನುಡಿ ಅಥವಾ ಶ್ರೀಲಿಪಿಯ ಹಳೆಯ ಸಂಕೇತದ ಫಾಂಟುಗಳಲ್ಲಿ ನಡೆಯುತ್ತದೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ. ಆಗಿನ ಗಣಕಗಳಿಗೆಂದು ಬರೆದ ಆ ತಂತ್ರಾಂಶಕ್ಕೆ ಇಂದಿನ ಅತಿ ಅಗ್ಗದ ಪೆಟ್ಟಿಗೆಯೂ ಬೇಕಾದ್ದಕ್ಕಿಂತ ಹೆಚ್ಚು. ಆಲ್ಬಂ ಕೆಲಸ ಸ್ವಲ್ಪ ಭಾರ. 12×36 ಇಂಚಿನ ಒಂದು ಜೋಡಿಪುಟವನ್ನು ಇಂಚಿಗೆ 300 ಚುಕ್ಕೆಯಂತೆ ತೆರೆದರೆ 3600×10800, ಅಂದರೆ ಸುಮಾರು 3.9 ಕೋಟಿ ಪಿಕ್ಸೆಲ್. ಒಂದು ಪದರಕ್ಕೆ ಸುಮಾರು 117 ಎಂಬಿ. ಇಪ್ಪತ್ತು ಪದರ ಜೋಡಿಸಿದರೂ 2.3 ಜಿಬಿ ದಾಟುವುದು ಸ್ವಲ್ಪವೇ. ಬೀರೂರಿನ ಮೈಲಾರಲಿಂಗಸ್ವಾಮಿ ಕಾರ್ಣಿಕದ ಹೊತ್ತಿಗೆ ಕಟ್ಟುವಂಥ ಫ್ಲೆಕ್ಸ್ ಇನ್ನೂ ದೊಡ್ಡದಾಗಿ ಕಂಡರೂ, 10×8 ಅಡಿಯದನ್ನು ಇಂಚಿಗೆ 72 ಚುಕ್ಕೆಯಲ್ಲಿ ಮಾಡಿದರೆ ನಾಲ್ಕು ಬಣ್ಣದ ಒಂದು ಪದರ 240 ಎಂಬಿಯ ಒಳಗೇ ನಿಲ್ಲುತ್ತದೆ. ಇಲ್ಲೆಲ್ಲ ಕೆಲಸ ತಡೆಯುವುದು ರ‍್ಯಾಮ್ ಸಾಲದಾದಾಗ, ಇಲ್ಲವೇ ಕಡತ ಹಳೆಯ ಹಾರ್ಡ್‌ಡಿಸ್ಕಿನಿಂದ ತೆವಳುತ್ತ ಬಂದಾಗ. 16 ಜಿಬಿ ರ‍್ಯಾಮ್, ಒಂದು ಒಳ್ಳೆಯ ಎಸ್‌ಎಸ್‌ಡಿ ಇದ್ದರೆ ತೊಡಕು ಬಿಡಿಸಿದಂತೆ. ಇಷ್ಟೇ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡಿಗೆ ಅರ್ಧ ಲಕ್ಷ ಸುರಿಯುವುದು ವ್ಯರ್ಥ ಖರ್ಚು.

ಹೆಚ್ಚು ವಾದಕ್ಕೆ ಎಡೆ ಇರುವುದು ವಿಡಿಯೊದಲ್ಲಿ. ಮದುವೆಯ ವಿಡಿಯೊ ಎಂದೊಡನೆ ‘ದೊಡ್ಡ ಸಿಸ್ಟಮ್ ಬೇಕು’ ಎನ್ನುವ ಮಾತು ಬರುತ್ತದೆ, ಹಳೆಯ ಅನುಭವಕ್ಕೆ ಅದು ಸರಿಯೂ ಹೌದು. ಆದರೆ ಇಂದಿನ ಕ್ಯಾಮೆರಾಗಳು ಚಿತ್ರವನ್ನು ಎಚ್.264 ಅಥವಾ ಎಚ್.265 ಎಂಬ ವಿಧಾನದಲ್ಲಿ ಬಿಗಿಯಾಗಿ ಮಡಿಚಿ ಇಡುತ್ತವೆ. ಎಡಿಟಿಂಗ್ ಸಾಲಿನಲ್ಲಿ ಚಿತ್ರ ತಡವರಿಸುವುದು ಹೆಚ್ಚಾಗಿ ಆ ಮಡಿಕೆ ಬಿಚ್ಚುವಲ್ಲಿ. ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಎಚ್.265 ಕಡತವನ್ನು ಆರ್‌ಟಿಎಕ್ಸ್ 4090ರಂಥ ದುಬಾರಿ ಕಾರ್ಡಿನ ವಿಡಿಯೊ ಭಾಗ ಬಿಚ್ಚಲಾರದು. ಎನ್‌ವಿಡಿಯಾ ಆ ಸೌಲಭ್ಯ ಕೊಟ್ಟದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದೇ ಕಡತವನ್ನು 11ನೇ ಪೀಳಿಗೆಯ ಇಂಟೆಲ್ ಲ್ಯಾಪ್‌ಟಾಪ್ ಚಿಪ್ಪು, ಆ್ಯಪಲ್‌ನ ಎಂ1 ಸರಾಗವಾಗಿ ಬಿಚ್ಚುತ್ತವೆ. ಹಲವು ಮಿನಿ ಪಿಸಿಗಳ ಒಳಗಿರುವುದು ಇಂಥದೇ ಚಿಪ್ಪು. ಎಷ್ಟು ವ್ಯಾಟ್ ಎಂಬುದಕ್ಕಿಂತ ಯಾವ ಕ್ಯಾಮೆರಾ ಎಂಬುದು ಇಲ್ಲಿ ಮುಖ್ಯ. ಗಣಕ ಕೊಳ್ಳುವ ಮುನ್ನ ಕ್ಯಾಮೆರಾದ ಕಡತ ಯಾವ ಬಗೆಯದೆಂದು ನೋಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆಯಬೇಕು. ಮಿನಿ ಪಿಸಿ ನಿಜವಾಗಿ ಸೋಲುವುದು ಜಾಗದಲ್ಲಿ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಚಿತ್ರಿಸಿದ 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ. ಆರತಕ್ಷತೆ, ಮುಹೂರ್ತ ಸೇರಿ ಎರಡು ಕ್ಯಾಮೆರಾಗಳಲ್ಲಿ ಎಂಟು ಗಂಟೆಯಷ್ಟು ಸೇರಿದರೆ 360 ಜಿಬಿ. 256 ಜಿಬಿಯ ಪೆಟ್ಟಿಗೆಗೆ ಒಂದು ಮದುವೆಯೂ ಹಿಡಿಯದು. ಹೊರಗಿನಿಂದ ಎಸ್‌ಎಸ್‌ಡಿ ಜೋಡಿಸಿಕೊಳ್ಳುವುದು ಅನಿವಾರ್ಯ. ಅದರ ಬೆಲೆಯನ್ನು ಸೇರಿಸದೆ ಮಿನಿ ಪಿಸಿ ಅಗ್ಗವೆಂದು ಹೇಳುವುದು ಸರಿಯಾದ ಲೆಕ್ಕವಲ್ಲ.

ಈ ಸೀಮೆಯಲ್ಲಿ ತೂಕ ಹೆಚ್ಚಿರುವ ಸಾಕ್ಷ್ಯ ಕರೆಂಟಿನದು. ಆಷಾಢದಲ್ಲಿ ಮದುವೆಗಳಿಲ್ಲ, ಸ್ಟುಡಿಯೊ ಬಹುತೇಕ ಖಾಲಿ. ಮಾಘದಿಂದ ವೈಶಾಖದವರೆಗೆ ಒಂದರ ಹಿಂದೊಂದು ಮುಹೂರ್ತ. ಕಡೂರಿನ ಬಯಲಿನಲ್ಲಿ ಬಿಸಿಲು ಏರುವುದು, ಪಂಪ್‌ಸೆಟ್ಟುಗಳು ಹೆಚ್ಚು ಓಡುವುದು, ಕರೆಂಟಿನ ಮೇಲೆ ಒತ್ತಡ ಬೀಳುವುದು ಅದೇ ತಿಂಗಳುಗಳಲ್ಲಿ. ಅಂದರೆ ಕೆಲಸ ಅತಿ ಹೆಚ್ಚಿರುವಾಗಲೇ ಗಣಕಕ್ಕೆ ಶಾಖವೂ ಕತ್ತಲೆಯೂ ಕಾಡುತ್ತವೆ. ಸಾಮಾನ್ಯ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್, ಒಳಗಿರುವ ಬ್ಯಾಟರಿ 12 ವೋಲ್ಟಿನ 7 ಆಂಪಿಯರ್-ಗಂಟೆಯದು. ಪರದೆಯೂ ಸೇರಿ 100 ವ್ಯಾಟ್ ಎಳೆಯುವ ಮಿನಿ ಪಿಸಿ ಅದರ ಮೇಲೆ ಕಡತ ಉಳಿಸಿ, ಹಿಡಿದ ಪುಟ ಮುಗಿಸುವಷ್ಟು ಹೊತ್ತು ನಿಲ್ಲುತ್ತದೆ. 500 ವ್ಯಾಟಿನ ಟವರಿಗೆ ಆ ಯುಪಿಎಸ್ ಇದ್ದೂ ಇಲ್ಲದಂತೆ. 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ ಇರುತ್ತದೆ; ನಷ್ಟ ಕಳೆದರೂ 100 ವ್ಯಾಟಿನ ಮೇಜು ಒಂದು ದಿನದ ಕೆಲಸ ಮುಗಿಸೀತು, ಟವರ್ ಎರಡು ಮೂರು ಗಂಟೆಯಲ್ಲಿ ಅದನ್ನು ಬರಿದು ಮಾಡುತ್ತದೆ. ಟವರ್ ಬೇಗ ರೆಂಡರ್ ಮುಗಿಸುವುದರಿಂದ ಒಟ್ಟು ವಿದ್ಯುತ್ತು ಅಷ್ಟೇ ಆಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಸ್ಟುಡಿಯೊ ಗಣಕ ದಿನದ ಹೆಚ್ಚು ಹೊತ್ತು ರೆಂಡರ್ ಮಾಡುವುದಿಲ್ಲ. ಫೋಟೊ ಆರಿಸುವವರ, ಕತ್ತರಿಸುವವರ ಕೈಗಾಗಿ ಕಾಯುತ್ತಿರುತ್ತದೆ. ಆ ಹೊತ್ತಿನಲ್ಲಿ ಎಂ4 ಮಿನಿ ಎಳೆಯುವುದು 4 ವ್ಯಾಟ್, ದೊಡ್ಡ ಟವರ್ ಸುಮ್ಮನಿದ್ದರೂ ಹತ್ತಾರು ವ್ಯಾಟ್. ಎಸಿ ಇಲ್ಲದ ಮಳಿಗೆಯಲ್ಲಿ ಏಪ್ರಿಲಿನ ಮಧ್ಯಾಹ್ನ ಅರ್ಧ ಕಿಲೋವ್ಯಾಟ್ ಶಾಖ ಬಿಡುವ ಪೆಟ್ಟಿಗೆ ಪಕ್ಕದಲ್ಲಿದ್ದರೆ ಗಣಕಕ್ಕಿಂತ ಮೊದಲು ದಣಿಯುವುದು ಮನುಷ್ಯ.

ಇದಕ್ಕೆ ಎದುರಾಗಿ ನಿಲ್ಲುವ ಬಲವಾದ ಆಕ್ಷೇಪ ರಿಪೇರಿಯದು. ಟವರಿನಲ್ಲಿ ಎಸ್‌ಎಂಪಿಎಸ್ ಸುಟ್ಟರೆ ಹೊಸದು ಹಾಕಬಹುದು, ರ‍್ಯಾಮ್ ಕೆಟ್ಟರೆ ಕಡ್ಡಿ ಬದಲಿಸಬಹುದು. ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾವ ಅಂಗಡಿಯವರಿಗೂ ಅದು ಗೊತ್ತು. ಮ್ಯಾಕ್ ಮಿನಿಯಲ್ಲಿ ರ‍್ಯಾಮ್ ಚಿಪ್ಪಿನೊಡನೆಯೇ ಕೂಡಿಕೊಂಡಿದೆ, ಆಮೇಲೆ ಹೆಚ್ಚಿಸುವಂತಿಲ್ಲ. ಕೆಟ್ಟರೆ ಸರ್ವಿಸ್ ಸೆಂಟರ್ ಇರುವ ಊರಿಗೆ ಹೊರಡಬೇಕು. ಕಡೂರು, ತರೀಕೆರೆಗಳು ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮೇಲಿವೆ, ಬಿಡಿಭಾಗ ತರಿಸುವುದು ಅಷ್ಟು ಕಷ್ಟವಲ್ಲ. ಹೆದ್ದಾರಿಯಿಂದ ಒಳಗಿರುವ ಅಜ್ಜಂಪುರಕ್ಕೆ ಒಂದು ದಿನದ ವಿಳಂಬ ಎರಡು ದಿನವಾಗಬಹುದು. ಮುಹೂರ್ತದ ತಿಂಗಳಲ್ಲಿ ಎರಡು ದಿನ ಗಣಕವಿಲ್ಲದೆ ಇರುವುದು ಸಣ್ಣ ನಷ್ಟವಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಬಾರದು. ಆದರೆ ಅದು ಎಲ್ಲ ಮಿನಿ ಪಿಸಿಗಳಿಗೂ ಅನ್ವಯಿಸದು. ವಿಂಡೋಸ್ ಮಿನಿ ಪಿಸಿಗಳಲ್ಲಿ ಹಲವು ತಳದ ಮುಚ್ಚಳ ತೆಗೆದರೆ ರ‍್ಯಾಮ್, ಎಸ್‌ಎಸ್‌ಡಿ ಎರಡನ್ನೂ ಬದಲಿಸಲು ಬಿಡುತ್ತವೆ, ಲ್ಯಾಪ್‌ಟಾಪಿನ ಕಡ್ಡಿಯೇ ಅವಕ್ಕೂ ಹೊಂದುತ್ತದೆ. ಪವರ್ ಅಡಾಪ್ಟರ್ ಹೊರಗೇ ಇರುವುದರಿಂದ ಅದು ಸುಟ್ಟರೆ ಪೆಟ್ಟಿಗೆ ಬಿಚ್ಚುವ ಮಾತೇ ಇಲ್ಲ. ಪೇಜ್‌ಮೇಕರ್ ಈಗಿನ ಮ್ಯಾಕಿನಲ್ಲಿ ನೇರವಾಗಿ ಓಡದು. ಹಳೆಯ ಫಾಂಟಿನಲ್ಲಿ ಕೂಡಿಟ್ಟ ವರ್ಷಗಟ್ಟಲೆಯ ಕಡತಗಳಿರುವ ಡಿಟಿಪಿ ಕೇಂದ್ರಕ್ಕೆ ವಿಂಡೋಸ್ ಬಿಟ್ಟು ಬೇರೆ ದಾರಿಯಿಲ್ಲ. ಆದ್ದರಿಂದ ಈ ಸೀಮೆಗೆ ಹೊಂದುವುದು ಬಿಚ್ಚಬಹುದಾದ ವಿಂಡೋಸ್ ಮಿನಿ ಪಿಸಿ. ವಿಡಿಯೊ ಒಂದನ್ನೇ ಮಾಡುವವರಿಗೆ ಮ್ಯಾಕ್ ಮಿನಿಯೂ ಒಳ್ಳೆಯದೇ, ರ‍್ಯಾಮನ್ನು ಕೊಳ್ಳುವಾಗಲೇ ಸಾಕಷ್ಟು ಹಾಕಿಸಿಕೊಂಡರೆ. ಧೂಳಿನ ವಿಷಯದಲ್ಲಿ ಮಾತ್ರ ಟವರೇ ಮೇಲು: ಪಕ್ಕದ ಬಾಗಿಲು ತೆಗೆದು ಬ್ಲೋವರ್ ಹಿಡಿದರೆ ಆಯಿತು, ಮಿನಿಯ ಸಣ್ಣ ಫ್ಯಾನಿನೊಳಗೆ ಕೂತ ಧೂಳು ಸುಲಭಕ್ಕೆ ಬಿಡದು.

ಟವರೇ ಬೇಕಾಗುವ ಕೆಲಸವನ್ನು ಇಲ್ಲಿಯದೇ ಉದಾಹರಣೆಯಿಂದ ತೋರಿಸಬಹುದು. ತರೀಕೆರೆ ಹತ್ತಿರದ ಅಮೃತಪುರದ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಅದರ ಮಂಟಪದ ಹೊರಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತದ 140 ಉಬ್ಬುಚಿತ್ರ ಫಲಕಗಳಿವೆ. ಒಂದೊಂದು ಫಲಕವನ್ನೂ ಹಲವು ಕೋನಗಳಿಂದ ತೆಗೆದು ಮೂರು ಆಯಾಮದ ಮಾದರಿ ಕಟ್ಟಬೇಕೆಂದರೆ ಫೋಟೊಗಳೇ ಸಾವಿರಗಟ್ಟಲೆಯಾಗುತ್ತವೆ. ಅವುಗಳ ನಡುವೆ ಹೊಂದುವ ಬಿಂದುಗಳನ್ನು ಹುಡುಕಿ ಮೇಲ್ಮೈ ಕಟ್ಟುವ ರಿಯಾಲಿಟಿ ಕ್ಯಾಪ್ಚರ್‌ನಂಥ ತಂತ್ರಾಂಶಗಳನ್ನು ಎನ್‌ವಿಡಿಯಾ ಕಾರ್ಡಿಗೆಂದೇ ಬರೆದಿದ್ದಾರೆ. ಅಲ್ಲಿ ಗಣಕ ಗಂಟೆಗಟ್ಟಲೆ ಪೂರ್ಣ ಭಾರದಲ್ಲಿ ದುಡಿಯುತ್ತದೆ, ಶಾಖ ಎಳೆದು ಹಾಕುವ ದೊಡ್ಡ ಪೆಟ್ಟಿಗೆಗೆ ಬೆಲೆ ಬರುವುದು ಅಲ್ಲೇ. ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳು ಚುಕ್ಕೆಗಳನ್ನು ಒರೆಸುವ ವಿಡಿಯೊ ಸಂಸ್ಕರಣೆ, ಬ್ಲೆಂಡರ್ ಅನಿಮೇಷನ್, ಚಿತ್ರ ಹುಟ್ಟಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಸ್ವಂತ ಗಣಕದಲ್ಲೇ ಓಡಿಸುವುದು, ಇವೂ ಅದೇ ಗುಂಪಿಗೆ ಸೇರುತ್ತವೆ. ಇಂಥಲ್ಲಿ ನೋಡಬೇಕಾದ್ದು ಕಾರ್ಡಿನ ಸ್ವಂತ ಮೆಮೊರಿ: 8 ಜಿಬಿಯ ಆರ್‌ಟಿಎಕ್ಸ್ 4060ಕ್ಕೆ ಹಿಡಿಯದ ದೃಶ್ಯ ಅದಕ್ಕಿಂತ ಹಳೆಯ, 12 ಜಿಬಿಯ 3060ರಲ್ಲಿ ಹಿಡಿದೀತು. ಮುಂದೆಂದಾದರೂ ಬೇಕಾದೀತು ಎಂದು ಈಗಲೇ ಇಂಥ ಟವರ್ ಕೊಂಡಿಡುವ ವಾದ ಮಾತ್ರ ಒಪ್ಪತಕ್ಕದ್ದಲ್ಲ. ಗ್ರಾಫಿಕ್ಸ್ ಕಾರ್ಡು ಎರಡು ಮೂರು ವರ್ಷದಲ್ಲಿ ಒಂದು ಪೀಳಿಗೆ ಹಿಂದೆ ಬೀಳುತ್ತದೆ. ಕೆಲಸ ಬಂದಾಗ ಕೊಂಡ ಕಾರ್ಡು, ಕಾಯುತ್ತ ಕೂತ ಕಾರ್ಡಿಗಿಂತ ಹೊಸದು.

ಮಿನಿ ಪಿಸಿಯಲ್ಲಿ ಉಳಿದ ಹಣಕ್ಕೆ ಮೊದಲ ಹಕ್ಕು ಪರದೆಯದು. ಬಣ್ಣ ಸರಿಯಾಗಿ ತೋರದ ಪರದೆಯ ಮುಂದೆ ಕೂತು ತಿದ್ದಿದ ಧಾರೆ ಸೀರೆಯ ಕೆಂಪು ಲ್ಯಾಬಿನಿಂದ ಬೇರೆಯೇ ಆಗಿ ಬರುತ್ತದೆ, ಆಲ್ಬಂ ಮತ್ತೆ ಅಚ್ಚು ಹಾಕಿಸಬೇಕಾಗುತ್ತದೆ. ಆ ನಷ್ಟವನ್ನು ಯಾವ ಪ್ರೊಸೆಸರೂ ತುಂಬಿಕೊಡದು. ಎರಡನೆಯದು ಎರಡು ದೊಡ್ಡ ಹಾರ್ಡ್‌ಡಿಸ್ಕುಗಳು. ಆಲ್ಬಂ ಒಪ್ಪಿಸುವವರೆಗೆ ಪ್ರತಿ ಮದುವೆಯ ಕಡತಗಳೂ ಎರಡರಲ್ಲೂ ಇರಬೇಕು. ಒಂದು ಮಳಿಗೆಯ ಕಪಾಟಿನಲ್ಲಿ, ಇನ್ನೊಂದು ಮನೆಯಲ್ಲಿ.