ಬಾಗಿಲು ತಟ್ಟೋದು ಯಾರು?

(1/5)
ಹೋದ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ನಮ್ಮ ತಂಡ ಎರಡು ರಾತ್ರಿ ನಿದ್ದೆಗೆಟ್ಟಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕೆಲಸ ಹಂಚುವ ಜಾಬ್ ಶೆಡ್ಯೂಲರ್ ಒಂದು ಕಟ್ಟಡದಲ್ಲಿ, ಆ ಕೆಲಸ ಮಾಡಬೇಕಾದ ಏಜೆಂಟ್ ಪ್ರೋಗ್ರಾಂ ಇನ್ನೊಂದು ಕಟ್ಟಡದ ಕಂಪ್ಯೂಟರ್‌ನಲ್ಲಿ. ಅಲ್ಲಿಂದ ಇಲ್ಲಿಗೆ ಪಿಂಗ್ ಬರುತ್ತೆ, ವೆಬ್ ಪುಟ ತೆರೆಯುತ್ತೆ, ಎಲ್ಲಾ ಸರಿ. ಆದ್ರೆ ಶೆಡ್ಯೂಲರ್ ಪರದೆಯಲ್ಲಿ ಮಾತ್ರ ಏಜೆಂಟ್ "ಆಫ್‌ಲೈನ್". ಕೋಡ್ ಬದಲಿಸಿದೆವು, ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆವು, ಒಬ್ಬರ ಮೇಲೊಬ್ಬರು ರೇಗಿದೆವು. ಕೊನೆಗೆ ನೋಡಿದರೆ ಕೋಡ್‌ನಲ್ಲಿ ತಪ್ಪೇ ಇರಲಿಲ್ಲ. ಏಜೆಂಟ್ ಒಳಗಿಂದ ಹೊರಗೆ ಹೋಗಬಹುದಿತ್ತು. ಹೊರಗಿನಿಂದ ಯಾರೂ ಒಳಗೆ ಬರದ ಹಾಗೆ ನಡುವಿನ ಗೇಟ್‌ವೇ ತಡೆದಿತ್ತು, ಅಷ್ಟೇ.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ನಮ್ಮ ಎರಡು ರಾತ್ರಿಯ ತಲೆನೋವಿಗೆ ಮೂವತ್ತು ವರ್ಷಕ್ಕಿಂತ ಹಳೆಯ ಚರಿತ್ರೆ ಇದೆ ಅಂತ. ಅದನ್ನೇ ಈ ಸರಣಿಯಲ್ಲಿ ಹೇಳ್ತೀನಿ.

(2/5)
ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ವಿಶ್ವವಿದ್ಯಾಲಯ, 1980ರ ದಶಕ. ಪ್ರತಿ ಮೇಜಿನ ಮೇಲೂ ಒಂದೊಂದು ವರ್ಕ್‌ಸ್ಟೇಷನ್. ಯಜಮಾನ ಊಟಕ್ಕೆ ಹೋದರೂ, ಮನೆಗೆ ಹೋಗಿ ಮಲಗಿದರೂ ಯಂತ್ರ ಸುಮ್ಮನೆ ಉರೀತಾ ಇರುತ್ತೆ. ಪಕ್ಕದ ಕೋಣೆಯ ಸಂಶೋಧಕನ ಲೆಕ್ಕ ಮಾತ್ರ ಸರದಿಯಲ್ಲಿ ಕಾಯ್ತಾ ಇರುತ್ತೆ. ಮಿರಾನ್ ಲಿವ್ನಿ ಅನ್ನೋರ ತಲೆಗೆ ಹತ್ತಿದ್ದು ಇದೇ ವಿರೋಧಾಭಾಸ: ಒಂದು ಕಡೆ ಕಾಯುವವರು, ಇನ್ನೊಂದು ಕಡೆ ಖಾಲಿ ಕೂತ ಯಂತ್ರ.

ಅದರಿಂದ ಹುಟ್ಟಿದ್ದು ಕಾಂಡರ್. 1988ರಲ್ಲಿ ಲಿಟ್ಸ್‌ಕೌ, ಲಿವ್ನಿ ಮತ್ತು ಮುಟ್ಕಾ ಬರೆದ ಪ್ರಬಂಧ ಅದನ್ನು ಖಾಲಿ ಯಂತ್ರಗಳ ಬೇಟೆಗಾರ ಅಂತಲೇ ಕರೆಯಿತು. ಕಾಂಡರ್ ಅಂದ್ರೆ ಗೊತ್ತಲ್ಲ, ಅಮೆರಿಕ ಖಂಡದ ದೊಡ್ಡ ರಣಹದ್ದು. ಪ್ರತಿ ಯಂತ್ರದಲ್ಲೂ ಒಂದು ಏಜೆಂಟ್ ಕೂತು "ನಾನೀಗ ಖಾಲಿ" ಅಂತ ಮ್ಯಾನೇಜರ್‌ಗೆ ತಿಳಿಸ್ತಾ ಇರುತ್ತೆ. ಕೆಲಸ ಬರುತ್ತೆ, ನಡೆಯುತ್ತೆ. ಯಜಮಾನ ವಾಪಸ್ ಬಂದು ಕೀಬೋರ್ಡ್ ಮುಟ್ಟಿದ ಕೂಡಲೇ ಕೆಲಸ ಇದ್ದ ಸ್ಥಿತಿಯಲ್ಲೇ ಮಡಚಿಕೊಂಡು ಬೇರೆ ಯಂತ್ರಕ್ಕೆ ಹೊರಡುತ್ತೆ. ಬಾಡಿಗೆದಾರ ಅಂದ್ರೆ ಹಿಂಗಿರಬೇಕು!

ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇತ್ತು. ಯಾವ ಯಂತ್ರ ಬೇಕಾದರೂ ಯಾವ ಯಂತ್ರದ ಬಾಗಿಲನ್ನಾದರೂ ನೇರವಾಗಿ ತಟ್ಟಬಹುದು. ಆಗಿನ ಇಂಟರ್ನೆಟ್ ಇದ್ದದ್ದೇ ಹಾಗೆ.

(3/5)
ಮ್ಯಾಡಿಸನ್‌ನವರು ಅಲ್ಲಿಗೇ ನಿಲ್ಲಲಿಲ್ಲ. 1990ರ ದಶಕದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನವರ ಜೊತೆ ಸೇರಿ ಬೇರೆ ಬೇರೆ ಊರಿನ ಹದ್ದಿನ ಹಿಂಡುಗಳನ್ನು ಬೆಸೆಯಲು ಹೊರಟರು. ಮ್ಯಾಡಿಸನ್, ಡೆಲ್ಫ್ಟ್, ಆಮ್‌ಸ್ಟರ್‌ಡ್ಯಾಮ್, ಜಿನೀವಾ, ವಾರ್ಸಾ, ರಷ್ಯಾದ ಡುಬ್ನಾ. ಸೋವಿಯತ್ ಒಕ್ಕೂಟ ಒಡೆದು ಆಗಿನ್ನೂ ಕೆಲವೇ ವರ್ಷ ಆಗಿತ್ತು ಅನ್ನೋದು ನೆನಪಿರಲಿ. ಡುಬ್ನಾದ ಯಂತ್ರವೂ ಮ್ಯಾಡಿಸನ್‌ನ ಯಂತ್ರವೂ ಒಂದೇ ಹಿಂಡು! ಇದರ ವಿವರ 1996ರ ಒಂದು ಪ್ರಬಂಧದಲ್ಲಿದೆ.

ಬೆಸೆದದ್ದು ಗೇಟ್‌ವೇ ಮೂಲಕ. ಪ್ರತಿ ಊರಿನ ಹಿಂಡಿಗೂ ಒಂದು ಗೇಟ್‌ವೇ ಯಂತ್ರ. ನಮ್ಮೂರಲ್ಲಿ ಖಾಲಿ ಯಂತ್ರ ಕಂಡರೆ ನಮ್ಮ ಗೇಟ್‌ವೇ ಅದನ್ನು ಪಕ್ಕದೂರಿನ ಗೇಟ್‌ವೇಗೆ ಹೇಳುತ್ತೆ. ಅದು ತನ್ನ ಊರಲ್ಲಿ ಡಂಗುರ ಸಾರುತ್ತೆ. ಬಳಸುವವರಿಗೆ ಏನೂ ಗೊತ್ತಾಗಬೇಕಿಲ್ಲ. ಮೊನ್ನೆ ಇಲ್ಲೇ ಓಡಿದ ಕೆಲಸ ಇವತ್ತು ಇನ್ನೊಂದು ದೇಶದಲ್ಲಿ ಓಡಿದರೂ ಬರೆದ ಕಡತ ಅದೇ. ಇನ್ನೊಂದು ಜಾಣತನ ನೋಡಿ. ಹೊರಗೆ ಏನು ಹೇಳಬೇಕು, ಒಳಗೆ ಯಾರನ್ನು ಬಿಡಬೇಕು ಅನ್ನೋದಕ್ಕೆ ಬೇರೆ ಬೇರೆ ನಿಯಮ ಹಾಕಬಹುದಿತ್ತು. ಅಂದ್ರೆ ನಾವು ಸಾಲ ತಗೊಂಡು ನೀವು ಕೇಳಿದಾಗ ಕೊಡದೇ ಇರಬಹುದು. (ಹಾಸ್ಟೆಲ್‌ನಲ್ಲಿ ಚಾರ್ಜರ್ ವಿಷಯದಲ್ಲಿ ಇದನ್ನು ನೋಡಿದ್ದೀವಿ.)

ಇಷ್ಟು ಚೆನ್ನಾಗಿದ್ದ ಗೇಟ್‌ವೇ ಪದ್ಧತಿ ಆಮೇಲೆ ಮೂಲೆ ಸೇರಿತು. ತಂತ್ರಜ್ಞಾನ ಕೈಕೊಟ್ಟಿತು ಅಂತಲ್ಲ. ಎರಡು ಗೇಟ್‌ವೇ ಮಾತಾಡಬೇಕಂದ್ರೆ ಎರಡು ಸಂಸ್ಥೆಗಳು ಒಪ್ಪಂದಕ್ಕೆ ಬರಬೇಕು. ಒಬ್ಬ ವಿದ್ಯಾರ್ಥಿಗೆ ಪಕ್ಕದ ವಿಶ್ವವಿದ್ಯಾಲಯದಲ್ಲಿ ಪರಿಚಯದವರಿದ್ದು, ಅವರು "ಬಂದು ಓಡಿಸ್ಕೋ" ಅಂದರೂ ಗೇಟ್‌ವೇ ಅದನ್ನು ಕೇಳಲ್ಲ. ಹಾಗಾಗಿ ನೇರ ದಾರಿ ಬಂತು. ಕೆಲಸ ಇರುವ ಯಂತ್ರದಲ್ಲಿ ಫ್ಲಾಕ್_ಟು ಅಂತ ಒಂದು ಸಾಲು, ಆ ಕಡೆ ಫ್ಲಾಕ್_ಫ್ರಮ್ ಅಂತ ಇನ್ನೊಂದು ಸಾಲು. ಲಾಭ ಆ ಒಬ್ಬನಿಗೆ ಮಾತ್ರ, ಇಡೀ ಊರಿಗಲ್ಲ. ಆದ್ರೆ ಅವನು ಆಡಳಿತ ಮಂಡಳಿಯ ಸಹಿಗಾಗಿ ಕಾಯಬೇಕಿಲ್ಲ. ನನಗಂತೂ ಈ ಎರಡು ಸಾಲು ಆ ದೊಡ್ಡ ಹಿಂಡಿಗಿಂತ ಹೆಚ್ಚು ಇಷ್ಟ.

(4/5)
ಇಷ್ಟರಲ್ಲಿ ಬಾಗಿಲುಗಳು ಮುಚ್ಚತೊಡಗಿದ್ದವು. 1988ರ ನವೆಂಬರ್ 2ರಂದು ಮೋರಿಸ್ ವರ್ಮ್ ಯಂತ್ರದಿಂದ ಯಂತ್ರಕ್ಕೆ ಹಾರಿದ ಮೇಲೆ ತೆರೆದ ಬಾಗಿಲು ಅಂದ್ರೆ ಜನಕ್ಕೆ ಭಯ. ಫೈರ್‌ವಾಲ್ ಬಂತು. 1994ರಲ್ಲಿ ನ್ಯಾಟ್ ಅನ್ನುವ ವಿಳಾಸ ಬದಲಿಸುವ ಉಪಾಯ ದಾಖಲಾಯಿತು. 1996ರಲ್ಲಿ ಖಾಸಗಿ ವಿಳಾಸಗಳನ್ನು ಗೊತ್ತುಮಾಡಿದರು. ನಿಮ್ಮ ವೈಫೈನಲ್ಲಿ 192.168 ಅಂತ ಶುರುವಾಗುತ್ತಲ್ಲ, ಅವೇ. ಆ ವಿಳಾಸಕ್ಕೆ ಹೊರಗಿನ ಲೋಕದಲ್ಲಿ ಬೆಲೆ ಇಲ್ಲ. ಒಳಗಿನವರು ಹೊರಗೆ ಕರೆ ಮಾಡಬಹುದು, ಹೊರಗಿನವರು ಒಳಗೆ ಮಾಡೋ ಹಾಗಿಲ್ಲ.

ಕಾಂಡರ್‌ಗೆ ಇದು ದೊಡ್ಡ ಪೆಟ್ಟು, ಯಾಕಂದ್ರೆ ಅದರ ಏಜೆಂಟ್‌ಗಳು ಎರಡೂ ದಿಕ್ಕಿನಲ್ಲಿ ಮಾತಾಡುತ್ತಿದ್ದವು. ಮ್ಯಾನೇಜರ್‌ಗೆ 9618 ಅಂತ ಗೊತ್ತಾದ ಪೋರ್ಟ್ ಇತ್ತು. ಉಳಿದವು ಸಿಕ್ಕ ಸಿಕ್ಕ ಪೋರ್ಟ್ ಹಿಡೀತಿದ್ದವು. ಓಡುವ ಪ್ರತಿ ಕೆಲಸಕ್ಕೂ ಇನ್ನಷ್ಟು ಪೋರ್ಟ್. ಆಗ ಅಡ್ಮಿನ್ ಮಾಡ್ತಿದ್ದದ್ದು ಲೋಪೋರ್ಟ್, ಹೈಪೋರ್ಟ್ ಅಂತ ಎರಡು ಗಡಿ ಹಾಕಿ, ನಡುವಿನದ್ದನ್ನೆಲ್ಲಾ ಫೈರ್‌ವಾಲ್‌ನಲ್ಲಿ ತೆರೆಯೋದು. ಗೋಡೆ ಕಟ್ಟಿಸಿ ಸಾಲಾಗಿ ಕಿಟಕಿ ಕೊರೆಸಿದ ಹಾಗೆ. ಯಾವ ನೆಟ್‌ವರ್ಕ್ ಅಧಿಕಾರಿ ಒಪ್ತಾರೆ ಹೇಳಿ?

ಬೇರೆ ಕೆಲವರು ಈ ಸಮಸ್ಯೆಗೆ ಸಿಕ್ಕಿಕೊಳ್ಳಲೇ ಇಲ್ಲ. 1999ರ ಮೇ 17ರಂದು ಶುರುವಾದ ಸೆಟಿ@ಹೋಮ್ ಮನೆಮನೆಯ ಕಂಪ್ಯೂಟರ್‌ಗಳಿಗೆ ಕೆಲಸ ಹಂಚಿತು. ಆದ್ರೆ ಸರ್ವರ್ ಯಾರ ಮನೆ ಬಾಗಿಲನ್ನೂ ತಟ್ಟಲಿಲ್ಲ. ಮನೆಯ ಯಂತ್ರವೇ ಕರೆ ಮಾಡಿ ಕೆಲಸ ಕೇಳುತ್ತಿತ್ತು.

ಕಾಂಡರ್ ತಂಡದಲ್ಲಿ ಸೆಚಾಂಗ್ ಸನ್ ಮತ್ತು ಲಿವ್ನಿ 2003ರಲ್ಲಿ ಜಿಸಿಬಿ ಅನ್ನುವ ದಲ್ಲಾಳಿಯನ್ನು ಮುಂದಿಟ್ಟರು. ಅದರ ಜಾಗಕ್ಕೆ ಆಮೇಲೆ ಬಂದದ್ದು ಸಿಸಿಬಿ. ಇದನ್ನು ವಿವರಿಸೋಕೆ ನಮ್ಮ ದೇಶದವರಿಗೆ ಎರಡೇ ಪದ ಸಾಕು: ಮಿಸ್ಡ್ ಕಾಲ್. ಗೋಡೆಯ ಒಳಗಿನ ಏಜೆಂಟ್ ಎದ್ದ ಕೂಡಲೇ ಹೊರಗಿನ ದಲ್ಲಾಳಿಗೆ ಕರೆ ಮಾಡಿ ಆ ಲೈನ್ ಕಟ್ ಮಾಡದೇ ಹಿಡಿದುಕೊಂಡಿರುತ್ತೆ. ಕೆಲಸ ಕೊಡಬೇಕಾದವರು ದಲ್ಲಾಳಿಗೆ "ಅವನಿಗೆ ಹೇಳಿ" ಅಂತಾರೆ. ದಲ್ಲಾಳಿ ಆ ಲೈನ್‌ನಲ್ಲೇ ಸುದ್ದಿ ಮುಟ್ಟಿಸುತ್ತೆ. ಆಗ ಒಳಗಿನ ಏಜೆಂಟ್ ತಾನೇ ಹೊರಗೆ ಕರೆ ಮಾಡುತ್ತೆ. ಗೇಟ್‌ವೇ ಕಣ್ಣಿಗೆ ಎಲ್ಲವೂ ಒಳಗಿಂದ ಹೊರಗೆ ಹೋದ ಕರೆಯೇ. ಒಂದು ಮಿತಿ ಇದೆ: ಇಬ್ಬರೂ ಗೋಡೆಯ ಹಿಂದೆ ಇದ್ದರೆ ಇದು ನಡೆಯಲ್ಲ, ಒಬ್ಬರಾದರೂ ಬಯಲಲ್ಲಿರಬೇಕು. ಜೊತೆಗೆ ಒಂದು ಯಂತ್ರದ ಎಲ್ಲಾ ಏಜೆಂಟ್‌ಗಳು 9618 ಒಂದನ್ನೇ ಹಂಚಿಕೊಳ್ಳುವ ವ್ಯವಸ್ಥೆಯೂ ಬಂತು. ಅಷ್ಟೊಂದು ಕಿಟಕಿ ಹೋಗಿ ಒಂದು ಬಾಗಿಲು.

(5/5)
ಟ್ರೇಡ್‌ಮಾರ್ಕ್ ಜಗಳದಿಂದ 2012ರಲ್ಲಿ ಕಾಂಡರ್ ಹೆಸರು ಎಚ್‌ಟಿಕಾಂಡರ್ ಆಯಿತು. ಹದ್ದು ಅದೇ. 2015ರ ಸೆಪ್ಟೆಂಬರ್ 14ರಂದು ಲೈಗೋ ಮೊದಲ ಸಲ ಗುರುತ್ವ ಅಲೆ ಹಿಡಿದಾಗ ಅದರ ದತ್ತಾಂಶ ಜಾಲಾಡಿದ ಲೆಕ್ಕಗಳ ಹಿಂದೆ ಇದೇ ಸಾಫ್ಟ್‌ವೇರ್ ಇತ್ತು. ಆ ಶೋಧದ ಪ್ರಬಂಧದ ಲೇಖಕರಲ್ಲಿ ನಮ್ಮ ಬೆಂಗಳೂರಿನ ಹೆಸರಘಟ್ಟ ಕಡೆಯ ಐಸಿಟಿಎಸ್‌ನವರೂ ಇದ್ದರು.

ಇವತ್ತು ನೀವು ಬಳಸುವ ಗಿಟ್‌ಹಬ್‌ನ ಸೆಲ್ಫ್-ಹೋಸ್ಟೆಡ್ ರನ್ನರ್ ಕೂಡ 443 ಪೋರ್ಟ್‌ನಲ್ಲಿ ತಾನೇ ಹೊರಗೆ ಕರೆ ಮಾಡಿ "ಕೆಲಸ ಇದೆಯಾ?" ಅಂತ ಕಾಯುತ್ತೆ. ಅದಕ್ಕೇ ಹಾಸ್ಟೆಲ್ ವೈಫೈನಲ್ಲೂ ಅದು ನಡೆಯುತ್ತೆ.

ನಮ್ಮ ಪ್ರಾಜೆಕ್ಟ್ ಕಥೆ? ಗೇಟ್‌ವೇ ತೆರೆಸೋಕೆ ಅರ್ಜಿ ಬರೆದಿಟ್ಟಿದ್ದೆವು, ಕೊಡಲೇ ಇಲ್ಲ. ಏಜೆಂಟ್‌ನ ಕಾನ್ಫಿಗರೇಷನ್‌ನಲ್ಲಿ ಸಂಪರ್ಕದ ದಿಕ್ಕು ತಿರುಗಿಸಿ, ಶೆಡ್ಯೂಲರ್ ವಿಳಾಸ ಬರೆದು ಮತ್ತೆ ಚಾಲೂ ಮಾಡಿದೆವು. ಡೆಮೋಗೆ ಇನ್ನು ಮೂರು ಗಂಟೆ ಇದ್ದಾಗ ಹಸಿರು ಚುಕ್ಕೆ ಬಂತು.

#ಕಂಪ್ಯೂಟರ್_ಚರಿತ್ರೆ #ಕನ್ನಡದಲ್ಲಿ_ಟೆಕ್ #ಹದ್ದಿನ_ಹಿಂಡು